ನಾಲ್ಕನೆಯ ಒಂಬತ್ತು

ಆದಂ ಬಿಟ್ಟರೆ ಹೈಮಾ. ನಡುವೆ
ಸ್ಟೇರಿಂಗಿಗೆ ಕೆಲಸವೇ ಇಲ್ಲ.
ಸಂಡೂರಿನ ಘಾಟಿಯಲ್ಲಿ ಅದಿರು ಹೊತ್ತು ಬಂದವನಿಗೆ
ತಿರುವಿಲ್ಲದ ರಸ್ತೆ ಮೊದಮೊದಲು ಬಹುಮಾನದಂತಿತ್ತು.
ಆಮೇಲೆ ತಿಳಿಯಿತು, ತಿರುವು ಅಂದರೆ ಎಚ್ಚರ.
ಇಲ್ಲಿ ನಿದ್ದೆ ಎದುರಿನಿಂದ ಬರುವುದಿಲ್ಲ,
ಪಕ್ಕದ ಸೀಟಿನಲ್ಲಿ ಕೂತೇ ಇರುತ್ತದೆ,
ಬೆಲ್ಟು ಹಾಕಿಕೊಂಡು.

ಆ ರಾತ್ರಿ ನನ್ನ ಮುಂದಿದ್ದದ್ದು ನೌರೋಜ್ ಖಾನನ ಟ್ರೇಲರು.
ದುಖಂಗೆ ಹೊರಟ ಪೈಪು, ನಲವತ್ತಡಿ.
ಹಿಂದಿನ ಎರಡು ಕೆಂಪು ದೀಪ
ಬಿಳಿ ಗೆರೆ ದಾಟಿ ಎಡಕ್ಕೆ, ಮತ್ತೆ ಬಲಕ್ಕೆ,
ಯಾರೋ ಜೋಲಿ ತೂಗುತ್ತಿದ್ದ ಹಾಗೆ.
ಹಾರನ್ ಒತ್ತಿದೆ. ಲೈಟು ಹೊಡೆದೆ.
ಕೊನೆಗೆ ಪಕ್ಕಕ್ಕೆ ಬಂದು ಗಾಜು ಇಳಿಸಿ
ಅವನ ಏಳು ತಲೆಮಾರನ್ನೂ ಬೈದೆ, ಕನ್ನಡದಲ್ಲೇ.
ಪಠಾಣನಿಗೆ ಅರ್ಥವಾಯಿತು, ನಿಲ್ಲಿಸಿದ.

ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ.
ಮೂವತ್ತು ತಾಸು ಆಯ್ತು ಭಾಯಿ, ಅಂದ.
ಜೇಬಿನ ಬಾದಾಮಿ ನನ್ನ ಅಂಗೈಗೆ ಸುರಿದು,
ಯಾರಿಗೂ ಹೇಳಬೇಡ, ಹೊಟ್ಟೆ ಮೇಲೆ ಹೊಡೀಬೇಡ, ಅಂದ.
ಹೇಳಲಿಲ್ಲ.
ಏನೂ ಆಗಲಿಲ್ಲ.
ಏನೂ ಆಗಲಿಲ್ಲವಾದ್ದರಿಂದ ನಾನು ಒಳ್ಳೆಯವನಾದೆ.

ಮೂರು ತಿಂಗಳ ಮೇಲೆ ಅದೇ ಟ್ರೇಲರು, ಅದೇ ತೂಗಾಟ.
ಮರಳು ಟಾರಿನ ಮೇಲೆ ಹೊಗೆಯಂತೆ ಹರಿಯುತ್ತಿತ್ತು.
ಆಗಷ್ಟೇ ನನ್ನನ್ನು ದಾಟಿ ಹೋದ ಬಿಳಿ ಕಾರು
ಈಗ ಅವನ ಮೂತಿಯ ಮುಂದೆ.
ಹಿಂದಿನ ಗಾಜಿಗೆ ಒತ್ತಿಕೊಂಡಿತ್ತು ಒಂದು ದಿಂಬು,
ದಿಂಬಿನ ಮೇಲೆ ಹಳದಿ ಬಾತುಕೋಳಿ.
ಹಾರನ್ನಿಗೆ ಒಮ್ಮೆ ಎದ್ದ. ಮತ್ತೆ ಜೋಲಿ.

ಒಂಬತ್ತು, ಒಂಬತ್ತು, ಒಂಬತ್ತು,
ಬೆರಳು ಸಲೀಸಾಗಿ ಹೋಗಿ
ನಾಲ್ಕನೆಯ ಒಂಬತ್ತರ ಮೇಲೆ ನಿಂತುಬಿಟ್ಟಿತು.

ಮಾತಾಡಿದವರ ಹೆಸರು ಹಲಗೆ ಮೇಲೆ ಬರೆಯುತ್ತಿದ್ದ
ಮಾನಿಟರ್ ಎರ್ರಿಸ್ವಾಮಿಯನ್ನು
ಹೊಂಡದ ಹತ್ತಿರ ಹಿಡಿದು ಬಡಿದಿದ್ದೆವು ನಾವು.
ಚಾಡಿಕೋರ, ಅಂತ ಮೊದಲ ಏಟು ನನ್ನದೇ.
ಇನ್ನು ನನ್ನ ಅರಬ್ಬಿ: ಅದರಲ್ಲಿ ಲೋಡು ಇದೆ, ನಾಳೆ ಇದೆ,
ದುಡ್ಡು ಇದೆ, ನಿದ್ದೆಗೆ ಶಬ್ದವಿಲ್ಲ.
ಮೂವತ್ತು ತಾಸು ಓಡಿಸಿದ ಆಫೀಸಿನವನಿದ್ದಾನಲ್ಲ,
ಅವನ ಬೆನ್ನಿಗೆ ನಂಬರ್ ಪ್ಲೇಟೂ ಇಲ್ಲ.
ಓದಲು ಸಿಕ್ಕಿದ್ದು ಖಾನನ ನಂಬರು ಮಾತ್ರ.

ಒತ್ತಿದೆ.

ಹೈಮಾದ ಹತ್ತಿರ ನೀಲಿ ದೀಪ. ಪ್ರಾಯದ ಪೊಲೀಸು
ಮದುಮಗನನ್ನು ಇಳಿಸುವಂತೆ ಮೊಣಕೈ ಹಿಡಿದು ಇಳಿಸಿದ.
ಖಾನ್ ಕಣ್ಣುಜ್ಜಿಕೊಂಡು ರಸ್ತೆ ನೋಡಿದ,
ನಾನು ಹಾರನ್ ಹಾಕದೆ ದಾಟಿದೆ.
ಹದಿನೈದು ದಿನಕ್ಕೆ ಪೇಶಾವರದ ಟಿಕೀಟು.
ಅದೇ ಟ್ರೇಲರಿಗೆ ಈಗ ಹೊಸ ಹುಡುಗ,
ಅವೇ ಮೂವತ್ತು ತಾಸು.

ಕುಂಞಾಮುವಿನ ಚಹಾದಂಗಡಿಯಲ್ಲಿ
ಯಾವನೋ ನಾಯಿ ಫೋನ್ ಮಾಡಿದನಂತೆ, ಅಂದರು.
ನಾಯಿ, ಅಂದೆ ನಾನೂ,
ಚಹಾ ಊದುತ್ತಾ.

ಆದ ಅಪಘಾತಕ್ಕೆ ಟಾರಿನ ಮೇಲೆ ಕರಿ ಗೆರೆ ಉಳಿಯುತ್ತದೆ,
ಗಾಜಿನ ಪುಡಿ, ಒಂಟಿ ಚಪ್ಪಲಿ.
ಆಗದೇ ಹೋದದ್ದಕ್ಕೆ ಏನು ಗುರುತು?
ಅಥವಾ ಆಗುತ್ತಲೇ ಇರಲಿಲ್ಲವೇನೋ, ಮೊದಲ ಸಲದ ಹಾಗೆ.
ಬಾತುಕೋಳಿ ಯಾವ ಮನೆಯ ಮುಂದೆ ಇಳಿಯಿತೋ
ನನಗೆ ಗೊತ್ತಿಲ್ಲ. ಅದಕ್ಕೆ ನಾನು ಗೊತ್ತಿಲ್ಲ.
ಖಾನನ ನಂಬರು ಮಾತ್ರ ಬಾಯಿಪಾಠ.

ಅವನ ಬಾದಾಮಿ ಎರಡು ಇನ್ನೂ ಡ್ಯಾಶ್‌ಬೋರ್ಡಿನಲ್ಲಿವೆ,
ಕಣ್ಣು ಎಳೆಯುವಾಗ ಅಗಿಯಲು ಅಂತ ಇಟ್ಟದ್ದು.
ಬಾಯಿಗೆ ಹಾಕಿಕೊಳ್ಳಲು ಆಗಿಲ್ಲ.
ನಿನ್ನೆ ರಾತ್ರಿ ಕನ್ನಡಿಯಲ್ಲಿ
ಹಿಂದಿನ ಲಾರಿ ಎರಡು ಸಲ ಲೈಟು ಹೊಡೆಯಿತು.
ಬಗ್ಗಿ ನೋಡಿದೆ,
ಗೆರೆ ಎಲ್ಲಿದೆ ಅಂತ.