ಎಡಗಾಲು

ಗಾಡಿ ಸುಳ್ಳು ಹೇಳುವುದಿಲ್ಲ ಮಾರಾಯ್ರೆ.
ಮೀಟರು ತಿರುಗಿಸಬಹುದು, ಬಂಪರಿಗೆ ಬಣ್ಣ ಹೊಡೆಯಬಹುದು,
ಒಳಗಿನ ಪೆಟ್ಟಿಗೆ ಮಾತ್ರ ಎಲ್ಲ ಬರೆದಿಟ್ಟುಕೊಳ್ಳುತ್ತದೆ
ಸೊಸೈಟಿ ಗುಮಾಸ್ತನ ಹಾಗೆ, ತಲೆ ಎತ್ತದೆ.

ಬೈಕಂಪಾಡಿಯಲ್ಲಿ ನನ್ನ ಶೆಡ್ಡು.
ಹಳೆ ಗಾಡಿ ಕೊಳ್ಳುವವರು ಮೊದಲು ನನ್ನಲ್ಲಿಗೆ ಬರುತ್ತಾರೆ,
ಜಾತಕ ತೋರಿಸಲು ಬಂದವರ ಮುಖ ಹೊತ್ತು.
ಆ ಶನಿವಾರ ಬಂದದ್ದು ಬೂದಿ ಬಣ್ಣದ ಜರ್ಮನ್ ಗಾಡಿ,
ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ,
ಕನ್ನಡಿಗೆ ನೇತುಬಿದ್ದ ಜಪಸರ, ಹಿಂದಿನ ಸೀಟಿನಲ್ಲಿ ಕೊಡೆ.
ಒಡತಿ ಡಾಕ್ಟರ್ ಇಮೆಲ್ಡಾ ಕ್ರಾಸ್ತಾ, ಬೆಂದೂರು.
ಮೂವತ್ತಮೂರು ವರ್ಷ ಅರಿವಳಿಕೆ ಕೊಟ್ಟು
ಈಗ ನಿವೃತ್ತಿ.
ಕೊಳ್ಳುವವನು ಕಟಪಾಡಿಯ ತೇಜಾಕ್ಷ, ಗಡ್ಡ ಈಗಷ್ಟೇ ತಿದ್ದಿಸಿದ್ದ.

ವಯರು ಚುಚ್ಚಿದೆ. ಪರದೆ ಹೇಳಿತು:
ಲಾಂಚ್ ಕಂಟ್ರೋಲ್ ಬಳಕೆ, ನಲವತ್ತೊಂದು.

ತೇಜಾಕ್ಷ ಸಿಳ್ಳೆ ಹಾಕಿದ.
"ಗೇರ್‌ಬಾಕ್ಸ್ ಹಿಂಡಿ ಹಾಕಿದ್ದಾರೆ. ಎರಡು ಲಕ್ಷ ಕಮ್ಮಿ ಮಾಡ್ಬೇಕು."
ನಾನು ಸ್ವರ ತಗ್ಗಿಸಿ ಕೇಳಿದೆ,
"ಮಗ ಓಡಿಸ್ತಿದ್ದನಾ ಡಾಕ್ಟ್ರೆ?"
ಅವರು ಕನ್ನಡಕ ಸೆರಗಿನಲ್ಲಿ ಒರೆಸಿದರು.
"ನನಗೆ ಮಗ ಇಲ್ಲ. ನಲವತ್ತೊಂದೂ ನಾನೇ.
ಆದಿತ್ಯವಾರ, ಮೊದಲ ಪೂಜೆಗೆ ಮುಂಚೆ, ಇದೇ ರಸ್ತೆ.
ನಿಮ್ಮ ಶೆಡ್ಡಿಗೆ ಬೀಗ ಇರ್ತಿತ್ತು."

ಯಾ ಅಲ್ಲಾ!
ಸೋಮವಾರ ಸೋಮವಾರ ಡಾಮರಿನ ಮೇಲೆ ಕಾಣುತ್ತಿದ್ದ
ಮಾರುದ್ದದ ನಾಲ್ಕು ಕಪ್ಪು ಗೆರೆ.
ಎಷ್ಟು ಸಲ ಬೈದಿದ್ದೆ ಸುರತ್ಕಲ್ಲಿನ ಕಾಲೇಜು ಹುಡುಗರಿಗೆ,
ಅವರ ಅಪ್ಪಂದಿರ ದುಡ್ಡಿಗೆ.

"ಎರಡು ಲಕ್ಷ ಬಿಡ್ತೇನೆ," ಅಂದರು.
"ನಾಳೆ ಇನ್ನೊಂದು ಸಲ. ಆಮೇಲೆ ಕೀ ಕೊಡ್ತೇನೆ.
ಸಮದ್, ನೀವು ಪಕ್ಕದಲ್ಲಿ ಕೂತ್ಕೊಳ್ಳಿ."

ನಸುಕಿಗೆ ಕಂಟೇನರ್ ಲಾರಿಗಳೆಲ್ಲ ನಿದ್ದೆಯಲ್ಲಿ.
ಮೀನೆಣ್ಣೆಯ ವಾಸನೆಯೊಂದೇ ಎದ್ದು ಓಡಾಡುತ್ತಿತ್ತು.
ಡಾಕ್ಟ್ರು ಎಡಗಾಲಿನ ಚಪ್ಪಲಿ ಬಿಚ್ಚಿ
"ಹಿಡ್ಕೊಳ್ಳಿ" ಎಂದು ನನ್ನ ಕೈಗಿತ್ತರು.
ಕ್ಲಚ್ಚಿಲ್ಲದ ಗಾಡಿಯಲ್ಲಿ ಎಡಗಾಲಿಗೇನು ಕೆಲಸ?
ಅಕ್ಕನ ಮನೆಯಲ್ಲಿ ಕೂತುಣ್ಣುವ ತಮ್ಮನ ಹಾಗೆ ಅದು,
ವಾರವಿಡೀ ಸುಮ್ಮನೆ.
ಈಗ ಅದಕ್ಕೂ ಕರೆ ಬಂತು.

"ಹತ್ತರಿಂದ ಹಿಂದಕ್ಕೆ ಎಣಿಸಿ ಅಂತಿದ್ದೆ ಎಲ್ಲರಿಗೂ.
ಏಳು ಬರುವಷ್ಟರಲ್ಲಿ ಹೋಗಿಬಿಡ್ತಿದ್ರು.
ಎಲ್ಲಿಗೆ, ಗೊತ್ತಿಲ್ಲ.
ನಾನು ಮಾತ್ರ ತಲೆದೆಸೆಯಲ್ಲಿ ಎಚ್ಚರ."

ಎಡಗಾಲು ಬ್ರೇಕಿನ ಮೇಲೆ, ಪೂರ್ತಿ.
ಬಲಗಾಲು ಆಕ್ಸಿಲರೇಟರಿನ ಮೇಲೆ, ಪೂರ್ತಿ.
ಒಂದು ಹೋಗು ಎನ್ನುತ್ತದೆ, ಒಂದು ಬೇಡ ಎನ್ನುತ್ತದೆ,
ಎರಡೂ ಒಬ್ಬಳೇ ಹೆಂಗಸಿನ ಕಾಲು.
ಮುಳ್ಳು ಮೂರು ಸಾವಿರ ದಾಟಿ
ಮೊಳೆ ಹೊಡೆದ ಹಾಗೆ ನಿಂತಿತು.
ನಡುಗಿದ್ದು ಗಾಡಿ, ಮತ್ತೆ ನನ್ನ ಹಲ್ಲು.

"ಎಣಿಸಿ."

ಹತ್ತು.
ಒಂಬತ್ತು.
ಎಂಟು.

ಎಡಗಾಲು ಎತ್ತಿದರು.
ಏಳು ನನ್ನ ಬಾಯಲ್ಲೇ ಉಳಿಯಿತು.
ಮುಂದಿನೆರಡು ಚಕ್ರ ಕಲ್ಲಿದ್ದಲ ಹುಡಿಯಲ್ಲಿ ತುಸು ಜಾರಿ
ಹಿಂದಿನೆರಡಕ್ಕೆ ಭಾರ ದಾಟಿಸಿ
ಮತ್ತೆ ನಾಲ್ಕೂ ಕೂಡಿ ರಸ್ತೆಯನ್ನು ಕಚ್ಚಿ
ಹಿಂದಕ್ಕೆಸೆದವು.
ಹೊಟ್ಟೆ ಶೆಡ್ಡಿನ ಬಾಗಿಲಲ್ಲೇ ಬಿತ್ತು, ನಾನು ವೇಬ್ರಿಜ್ಜಿನ ಹತ್ತಿರ.
ಗೋಡೌನು, ಗೋಡೌನು, ಒಂದು ನಾಯಿ, ಬೆಳಕು.

ಡಾಕ್ಟ್ರು ಕೂಗಲಿಲ್ಲ, ನಗಲೂ ಇಲ್ಲ.
ನಾಡಿ ಹಿಡಿದವರ ಮುಖ.
ನೂರು ದಾಟಿದ ಮೇಲೆ ಮೆಲ್ಲಗೆ ಬ್ರೇಕು,
ಮಲಗಿದವರನ್ನು ವಾಪಸು ಕರೆತರುವಷ್ಟು ಮೆಲ್ಲಗೆ.

ಗೇರ್‌ಬಾಕ್ಸ್ ಬಿಸಿಯಾಗಿದೆ, ತಣಿಯಲು ಬಿಡಿ, ಎಂದಿತು ಪರದೆ.
ಬಿಟ್ಟೆವು. ಕಿಟಕಿ ಇಳಿಸಿ
ಕಾದ ಲೋಹ ಟಿಕ್ ಟಿಕ್ ಎನ್ನುವುದನ್ನು ಕೇಳುತ್ತ ಕೂತೆವು.

"ವರದಿಯಲ್ಲಿ ನಲವತ್ತೊಂದು ಅಂತಲೇ ಬರೀಲಾ?
ಆ ಹುಡುಗನಿಗೆಂತ ಗೊತ್ತಾಗ್ತದೆ."
"ಚಾರ್ಟಿನಲ್ಲಿ ಸುಳ್ಳು ಬರೀಬಾರ್ದು ಸಮದ್.
ನಲವತ್ತೆರಡು."

ಆಮೇಲೆ ಬರಿಗಾಲು ಹೊರಗಿಟ್ಟು
ಡಾಮರಿನ ಮೇಲೆ ಒಂದು ಕ್ಷಣ ಊರಿ
ನನ್ನ ಕಡೆ ತಿರುಗಿ ನೋಡಿದರು.
ಆಗ ಗೊತ್ತಾಯಿತು,
ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದೆ
ಅವರ ಚಪ್ಪಲಿ.