ಋಣಭಾರ ಪತ್ರ

ತಕ್ಕಡಿ ರಿಪೇರಿಯವನು ನಾನು.
ಇನ್ನೊಬ್ಬರ ಕಲ್ಲು ಸಾಚಾವೇ ಎಂದು ನೋಡಿಯೇ
ಇಪ್ಪತ್ತೆರಡು ವರ್ಷ ಉಂಡವನು.

ಮಂಡ್ಯದ ನೂರಡಿ ರಸ್ತೆ
ನೂರಡಿ ಇದೆಯೋ ಇಲ್ಲವೋ, ಅದು ಬಿಡಿ.
ನಾನು ಮಳಿಗೆ ಅಳೆದೆ:
ಪತ್ರದಲ್ಲಿ ಹದಿನಾಲ್ಕು, ಟೇಪಿನಲ್ಲಿ ಹದಿಮೂರೂಕಾಲು.
ಮುಕ್ಕಾಲು ಅಡಿ ಎಲ್ಲಿ ಸ್ವಾಮಿ ಎಂದರೆ
ದಲ್ಲಾಳಿ ಪುಟ್ಟಮಾದಯ್ಯ ನಕ್ಕ:
"ಗೋಡೆ ಉಂಡಿರ್ತದೆ ಬುಡಿ."

ಹೀಗೆ ನಗುವವರ ತಕ್ಕಡಿಗಳನ್ನು
ಎಷ್ಟು ಬಿಚ್ಚಿಲ್ಲ ನಾನು.

ಆದರೂ ಅವನ ಚೀಲದಲ್ಲಿ ಎಲ್ಲ ಇತ್ತು:
ಖಾತೆ, ಕಂದಾಯದ ರಸೀದಿ,
ಮಹಡಿಯ ಟೈಪಿಂಗ್ ಶಾಲೆಯ ಬಾಡಿಗೆ ಕರಾರು,
ನಮೂನೆ ಹದಿನಾರರ ಹಾಳೆಯಲ್ಲಿ
ಹದಿಮೂರು ವರ್ಷಕ್ಕೆ ಋಣಭಾರ: ಇಲ್ಲ.

ಇಲ್ಲ. ಎಂಥ ಚಂದದ ಮಾತು.
ನನ್ನ ಹೆಸರಿನ ಮುಂದೆ ಯಾರೂ ಹಾಗೆ ಬರೆದುಕೊಟ್ಟಿಲ್ಲ,
ಅಪ್ಪನ ಹೆಸರಿನ ಮುಂದೆಯೂ.

ವಕೀಲೆ ತಸ್ಮಿಯಾ ಹಾಳೆ ಮಡಿಸಿ ಕೆಳಗಿಟ್ಟರು.
"ಹದಿಮೂರು ಸಾಲದು. ಮೂವತ್ತು ತೆಗೆಸಿ."

ನೋಂದಣಿ ಕಚೇರಿಯ ಬೆಂಚಿನಲ್ಲಿ ಮೂರು ದಿನ.
ಮೂವತ್ತರ ಬುಡದಲ್ಲಿ ಒಂದು ವಿಭಾಗ ಪತ್ರ:
ಅಣ್ಣ, ತಮ್ಮ, ಇನ್ನೊಬ್ಬ ತಮ್ಮ, ಮೂರು ಹೆಬ್ಬೆಟ್ಟು.
"ಅಪ್ಪ ಸ್ವಂತ ದುಡಿದು ಕೊಂಡದ್ದು.
ಹೆಣ್ಣುಮಕ್ಕಳು ಇದ್ದರೇ, ವಿಚಾರಿಸಿ."

ಹನಕೆರೆಯಲ್ಲಿ ಸಿಕ್ಕಿದರು ದೊಡ್ಡತಾಯಮ್ಮ,
ಎಮ್ಮೆಯ ಮೈ ಉಜ್ಜುತ್ತ.
"ನನ್ನ ಯಾರೂ ಕೇಳ್ನಿಲ್ಲ ಕಣಪ್ಪ.
ನಾನೂ ಕೇಳ್ನಿಲ್ಲ."
ರುಜುವಿನ ಮಾತು ಗಂಟಲಲ್ಲೇ ನಿಂತು
ನೀರು ಕುಡಿದೆ.
ಚೊಂಬು ಇಸಕೊಳ್ಳುವಾಗ ಅವರೇ ಅಂದರು:
"ಆ ಬಾವಿ ಏನ್ ಮಾಡುದ್ರು?"

ಯಾವ ಬಾವಿ?

"ಹಿಂದ್ಗಡೆ. ಈಗ ಗಲ್ಲಾ ಪೆಟ್ಟಿಗೆ ಮಡಗವ್ರಂತಲ್ಲ, ಅಲ್ಲೇ.
ಅಪ್ಪ ಹಗ್ಗ ನಂಗೇ ಕೊಡೋನು.
ಗಂಡುಮಕ್ಳು ಬಿಂದಿಗೆ ಬೀಳ್ಸೋವು."

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಹೋಗಿ
ಕಾವಲಿನವನಿಗೆ ಟೀ ಕೊಡಿಸಿ
ಎರಡು ಕಿಲೋ ಕಲ್ಲಿನಿಂದ ನೆಲ ತಟ್ಟಿದೆ,
ಮೊಸಾಯಿಕ್ ಮೇಲೆ, ಅಡಿಗೊಂದು ಪೆಟ್ಟು.
ಟಣ್. ಟಣ್. ಟಣ್.
ಗಲ್ಲಾದ ಹತ್ತಿರ
ದುಂ.

ಮುಂಗಡದ ಚೆಕ್ಕು ಇನ್ನೂ ಜೇಬಿನಲ್ಲಿದೆ, ಬೆವರಿಗೆ ಮೆತ್ತಗಾಗಿ.
ಪುಟ್ಟಮಾದಯ್ಯ ಮೂರು ಸಲ ಫೋನು ಮಾಡಿದ.
ಬೆಲೆ ಇಳಿದೀತು, ರುಜು ಬಂದೀತು,
ಮುಕ್ಕಾಲು ಅಡಿಯನ್ನು ಗೋಡೆಯೇ ಇಟ್ಟುಕೊಳ್ಳಲಿ.

ಮೊದಲು ಹನಕೆರೆಗೆ ಹೋಗಬೇಕು.
ಹೇಳಬೇಕು ಅವರಿಗೆ,
ಬಾವಿ ಅಲ್ಲೇ ಇದೆ ಅಂತ.