ಇದಿನಬ್ಬರ ಕಫ

ಸೋಹಾರಿನಲ್ಲಿ ಇವತ್ತು ಗಾಳಿ ಎದ್ದಿದೆ.
ಕಿಟಕಿಯ ಸಂದಿಗೆ ಒದ್ದೆ ಟವೆಲು ತುರುಕಿ
ಲ್ಯಾಬಿನ ಮೇಜಿಗೆ ಬಂದು ಕೂತಿದ್ದೇನೆ, ರಾತ್ರಿ ಪಾಳಿ.
ಡಬ್ಬಿಯ ಮೇಲೆ ಹೆಸರು: ಇದಿನಬ್ಬ, ಐವತ್ತನಾಲ್ಕು, ಗಂಡು.
ಒಳಗೆ ಎರಡು ಚಮಚೆಯಷ್ಟು,
ಈಗಷ್ಟೇ ಕೆಮ್ಮಿ ಕೆಮ್ಮಿ ಎತ್ತಿದ್ದು.

ಈ ಮನುಷ್ಯನನ್ನು ನಾನು ಬಲ್ಲೆ.
ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ
ಇಪ್ಪತ್ತಾರು ವರ್ಷದಿಂದ ಖುಬ್ಬೂಸ್ ಸುಡುವವರು.
ನೂರು ಬೈಸಾ ಕೊಟ್ಟರೆ ಹಳೇ ಪೇಪರಿನಲ್ಲಿ ಸುತ್ತಿ
"ಬಿಸಿ ಉಂಟು, ಕೈ ಜಾಗ್ರತೆ ಡಾಕ್ಟ್ರಮ್ಮ" ಅನ್ನುತ್ತಾರೆ.
ಡಾಕ್ಟರಲ್ಲ ಕಾಕಾ, ಬರೀ ಗಾಜು ನೋಡುವವಳು ಅಂದರೆ
"ನೋಡುವವರೇ ಅಲ್ವಾ ಡಾಕ್ಟ್ರು" ಎಂದು ನಗಲು ಹೋಗಿ
ನಗು ಅರ್ಧಕ್ಕೆ ಶಿಳ್ಳೆಯಾಗುತ್ತದೆ.

ಬಣ್ಣ ಹಾಕಿ, ತೊಳೆದು, ಒಣಗಿಸಿ
ಒಂದು ಹನಿ ಎಣ್ಣೆಯಿಟ್ಟು ಕಣ್ಣಿಡುತ್ತೇನೆ.
ಅಬ್ಬಾ, ಎಷ್ಟು ಜನ!
ಕಿತ್ತಳೆ ಕಾಳು ತುಂಬಿಕೊಂಡ ಇಯೊಸಿನೊಫಿಲ್‌ಗಳು,
ಒಬ್ಬೊಬ್ಬರೂ ಕನ್ನಡಕ ಹಾಕಿಕೊಂಡ ಹಾಗೆ,
ಸಂಬಳದ ದಿನ ಎಕ್ಸ್‌ಚೇಂಜಿನ ಮುಂದೆ ನಿಂತ ಹಾಗೆ.

ಇವರು ಹುಟ್ಟಿದ್ದು ಹುಳುಗಳಿಗಾಗಿ.
ಬರಿಗಾಲಿನ ಅಜ್ಜಂದಿರ ಕರುಳಲ್ಲಿ
ಕೊಕ್ಕೆಹುಳು ಕಚ್ಚಿ ಕೂತಿದ್ದ ಕಾಲಕ್ಕೆ
ಕೊಟ್ಟ ನೌಕರಿ, ಕೊಟ್ಟ ಆಯುಧ.
ಹುಳು ಹೋಯಿತು. ನೌಕರಿ ಹೋಗಲಿಲ್ಲ.
ಕಡಲು ದಾಟಿ ಬಂದವರ ಎದೆಯಲ್ಲಿ ಕೂತು
ಬೇಸರಕ್ಕೋ ಏನೋ
ಹಿಟ್ಟನ್ನೇ ಹಗೆ ಅಂದುಕೊಂಡರು.

ಯಾರೋ ಒಬ್ಬ ಮೊದಲ ಸಲ ಚಾಡಿ ಹೇಳಿರಬೇಕು:
ಈ ಬಿಳಿ ಪುಡಿ ನಮ್ಮ ಪೈಕಿಯದಲ್ಲ.
ಮೈ ಅದನ್ನು ಬರೆದಿಟ್ಟುಕೊಂಡಿತು.
ಅಂದಿನಿಂದ ಉಸಿರ ದಾರಿಯುದ್ದಕ್ಕೂ ಮಾಸ್ಟ್ ಕೋಶಗಳು
ಮದ್ದಿನ ಚೀಲ ಬಿಗಿದು ಕಾಯುತ್ತವೆ,
ಮೂಟೆ ಬಿಚ್ಚಿದರೆ ಸಾಕು, ಸಿಡಿಯುತ್ತವೆ.
ದಾರಿ ಊದಿ, ಹಿಂಡಿ, ಲೋಳೆ ಕಟ್ಟಿ
ದಾರದಷ್ಟಾಗುತ್ತದೆ.
ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತೇವೆ ನಾವು.
ಇದಕ್ಕೆ ಆ ಲೆಕ್ಕವೂ ಇಲ್ಲ.

ಗಾಜು ಸರಿಸಿದರೆ ಇನ್ನೊಂದು ಮೂಲೆ.
ಇಲ್ಲಿ ನ್ಯೂಟ್ರೊಫಿಲ್‌ಗಳ ಸಂತೆ. ಇದು ಹಿಟ್ಟಿನ ಜಗಳವಲ್ಲ,
ಹೊಗೆಯದು; ಒಲೆಯದೂ, ಕದ್ದು ಸೇದಿದ ಸಿಗರೇಟಿನದೂ.
ಬಂದವರು ಒಂದೆರಡು ದಿನ ದುಡಿದು ಸಾಯಬೇಕು,
ಸತ್ತವರನ್ನು ಮ್ಯಾಕ್ರೊಫೇಜ್ ನುಂಗಿ ನೆಲ ಗುಡಿಸಬೇಕು.
ಜಗಳ ಮುಗಿಯಿತು ಅನ್ನುವುದಕ್ಕೆ ಅದೇ ಗುರುತು.
ಆದರೆ ಅದರ ಹೊಟ್ಟೆಯ ತುಂಬ ಮಸಿ.
ಮಗ್ಗುಲಲ್ಲೇ ಹೆಣ ಬಿದ್ದರೂ
ಉಂಡು ಸುಸ್ತಾದವರ ಹಾಗೆ ತೆಪ್ಪಗಿದೆ.
ಹೆಣ ಒಡೆದು, ಒಳಗಿನ ವಿಷ ಸೋರಿ
ಮನೆಯ ಗೋಡೆಯನ್ನೇ ತಿನ್ನುತ್ತದೆ.

ಹೋದ ತಿಂಗಳು ಡಾಕ್ಟರ್ ಹೇಳಿದ್ದರಂತೆ:
ಹಿಟ್ಟು ಬಿಡಿ.
ಇದಿನಬ್ಬರು ಜೇಬಿನಿಂದ ಕಾರ್ಡು ತೆಗೆದು ತೋರಿಸಿದರಂತೆ.
ವೃತ್ತಿ: ರೊಟ್ಟಿ ಸುಡುವವ.
ಈಗ ಪಂಪು ಒಂದಕ್ಕೆ ಎರಡು,
ಒಂದು ಅಂಗಿಯ ಜೇಬಿನಲ್ಲಿ, ಒಂದು ಲಟ್ಟಣಿಗೆಯ ಪಕ್ಕ.

ಇಯೊಸಿನೊಫಿಲ್ ಶೇಕಡಾ ಹದಿನೆಂಟು, ಬರೆದೆ.
ನ್ಯೂಟ್ರೊಫಿಲ್ ಅರವತ್ತೊಂದು.
ಸತ್ತ ಇಯೊಸಿನೊಫಿಲ್ ಬಿಟ್ಟುಹೋದ ಹರಳುಗಳು ಅಲ್ಲಲ್ಲಿ,
ಎರಡೂ ತುದಿ ಚೂಪು,
ಮೂಗುಬೊಟ್ಟಿಗೆ ಕೂರಿಸಬಹುದಾದಷ್ಟು ಚೆಂದ.
ಅದನ್ನೂ ಬರೆದೆ.

ಆಮೇಲೆ ಅಂಚಿನಲ್ಲಿ ಅದು ಕಂಡಿತು:
ಗೋಧಿ ಹಿಟ್ಟಿನ ಒಂದೇ ಒಂದು ಕಣ.
ದುಂಡಗೆ, ತಣ್ಣಗೆ, ಯಾರ ಗೊಡವೆಯೂ ಇಲ್ಲದೆ.
ಇಷ್ಟೆಲ್ಲ ಸೈನ್ಯ ಹುಡುಕುತ್ತಿದ್ದದ್ದು ಇದನ್ನೇ?
ಅವರ ಎದೆಯಿಂದ ಬಂದದ್ದೋ,
ಸಂಜೆ ತಿಂದ ಅವರದೇ ಖುಬ್ಬೂಸಿನಿಂದ
ನನ್ನ ಬೆರಳಿಗೆ ಅಂಟಿ ಇಳಿದದ್ದೋ,
ತಿಳಿಯಲಿಲ್ಲ. ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.

ಹೊರಗೆ ನೆಬ್ಯುಲೈಸರಿನ ಗುರುಗುರು ನಿಂತಿತು.
ಮುಖವಾಡ ಹಣೆಗೇರಿಸಿ ಬಾಗಿಲಲ್ಲಿ ನಿಂತಿದ್ದಾರೆ,
ಹುಬ್ಬಿನ ಮೇಲೆ ಇನ್ನೂ ಬಿಳಿ.
"ಆಯ್ತಾ ಡಾಕ್ಟ್ರಮ್ಮ? ಗಂಟೆ ಮೂರೂವರೆ.
ನಾದಿಟ್ಟು ಬಂದಿದ್ದೆ,
ಉಬ್ಬಿರ್ತದೆ."